‘ತಕ್ಷಣ’ ಬೇಕೋ, ‘ಹಂತ ಹಂತವಾಗಿ’ ಸಾಕೋ

2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹಾರಿತಲ್ಲ, ಆಗ ಗಾಂಧಿನಗರದ ಒಂದು ಮಹಡಿ ಕೋಣೆಯಲ್ಲಿ ಊರಿನ ಸಮಾಜವಾದಿಗಳೆಲ್ಲ ಸೇರಿದ್ದರು. ಎಲ್ಲ ಅಂದರೆ ಹದಿನಾಲ್ಕು ಜನ. ಹದಿನೈದನೆಯವನು ನಾನು, ಕುರ್ಚಿ ಹಾಕೋಕೆ ಹೋದವನು. ಒಂದು ಬಟ್ಟೆ ಬ್ಯಾನರ್ ಬರೆಸಬೇಕು, ಫ್ರೀಡಂ ಪಾರ್ಕಿನಲ್ಲಿ ಒಂದು ಮಧ್ಯಾಹ್ನ ಕೂರಬೇಕು, ಅಷ್ಟೇ ಕೆಲಸ. ಬ್ಯಾನರಿಗೆ ನಾಲ್ಕು ಪದ: ‘ಮೆಟ್ರೋ ದರ ತಕ್ಷಣ ಇಳಿಸಿ’. ಅದಕ್ಕೆ ಐದು ಸಭೆ ಬೇಕಾಯಿತು.

ಮೊದಲ ಸಭೆಯನ್ನು ‘ತಕ್ಷಣ’ ಒಂದೇ ನುಂಗಿತು.

ಅರ್ಥಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರು ಎದ್ದು, ‘ತಕ್ಷಣ ಅನ್ನೋದು ಬಾಲಿಶ, ಹಂತ ಹಂತವಾಗಿ ಅಂತ ಹಾಕಿ’ ಅಂದರು. ಅವರು ಫೇಬಿಯನ್ ಪಂಥದವರು, ಸಮಾಜವಾದ ನಿಧಾನವಾಗಿ, ಸುಧಾರಣೆಯಿಂದಲೇ ಬರಲಿ ಅನ್ನೋರು. 1884ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಪಂಥ ಅದು. ಹ್ಯಾನಿಬಲ್ ಎದುರು ನೇರ ಯುದ್ಧಕ್ಕೆ ಇಳಿಯದೆ, ಸುಮ್ನೆ ತಡ ಮಾಡಿ ಮಾಡಿ ಸುಸ್ತು ಮಾಡಿದ ರೋಮಿನ ಸೇನಾಪತಿ ಫೇಬಿಯಸ್‌ನ ಹೆಸರು ಇಟ್ಟುಕೊಂಡವರು. ಗುರುತು ಆಮೆ. ‘ಆಮೆ ಕೊನೆಗೆ ಮುಟ್ಟೇ ಮುಟ್ಟುತ್ತೆ’ ಅಂದರು ಮೇಷ್ಟ್ರು. ಸಂಜೆ ಆರು ಗಂಟೆಗೆ ಹೊರ ವರ್ತುಲ ರಸ್ತೆಯಲ್ಲಿ ಆಮೆ ಬಿಟ್ಟರೆ ಅದು ನಮಗಿಂತ ಮೊದಲೇ ಮುಟ್ಟುತ್ತೆ, ಅದರಲ್ಲಿ ನನಗೂ ಅನುಮಾನವಿಲ್ಲ.

ಮೇಷ್ಟ್ರ ಬೆಂಬಲಕ್ಕೆ ಇನ್ನೊಬ್ಬರು ಜರ್ಮನಿಯ ಸಮಾಜವಾದಿ ಚಿಂತಕ ಬರ್ನ್‌ಸ್ಟೈನ್‌ನ ಮಾತನ್ನು ಎಳೆತಂದರು. ಕೊನೆಯ ಗುರಿ ಅನ್ನೋದು ನನಗೆ ಏನೂ ಅಲ್ಲ, ಚಲನೆಯೇ ಎಲ್ಲ ಅಂದಿದ್ದ ಮನುಷ್ಯ. ಪಾಪ, ಅವನು ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿರಲಿಲ್ಲ. ಅಲ್ಲಿ ಗುರಿಯೂ ಕಾಣಲ್ಲ, ಚಲನೆಯೂ ಇರಲ್ಲ.

ಇಷ್ಟಾಗುತ್ತಲೇ, ಕ್ರಾಂತಿಯೇ ಬೇಕು ಅನ್ನೋ, ನಾವೆಲ್ಲ ಕಾಮ್ರೇಡ್ ಅಂತ ಕರೆಯೋರು ಮೇಜು ಗುದ್ದಿದರು. ಅವರ ಸಿಟ್ಟು ‘ತಕ್ಷಣ’ದ ಮೇಲಲ್ಲ, ‘ಇಳಿಸಿ’ ಮೇಲೆ. ದರ ಇಳಿದರೆ ಜನ ಸಮಾಧಾನ ಆಗ್ತಾರೆ, ಜನ ಸಮಾಧಾನ ಆದರೆ ವ್ಯವಸ್ಥೆ ಗಟ್ಟಿಯಾಗುತ್ತೆ, ಆದ್ದರಿಂದ ದರ ಇಳಿಸಿ ಅನ್ನುವವನು ಬಂಡವಾಳಶಾಹಿಯ ಬಾಲ. ಹಾಗಾದ್ರೆ ದರ ಏರಲಿ ಅಂತೀರಾ ಅಂತ ಕೇಳಿದೆ. ಉತ್ತರವಾಗಿ ಕ್ರಾಂತಿಕಾರಿ ಸಮಾಜವಾದಿ ರೋಸಾ ಲಕ್ಸಂಬರ್ಗ್ ಹೆಸರು ಬಂತು. ಆ ತಾಯಿ ಬರ್ನ್‌ಸ್ಟೈನ್‌ಗೆ ಉತ್ತರ ಕೊಡುವಾಗ, ಸುಧಾರಣೆಯ ಹೋರಾಟ ದಾರಿ, ಕ್ರಾಂತಿ ಗುರಿ, ಎರಡೂ ಬೇಕು ಅಂತಲೇ ಬರೆದಿದ್ದರು. ಅದನ್ನು ಹೇಳಿದ್ದಕ್ಕೆ ‘ನೀವು ಕುರ್ಚಿ ನೋಡ್ಕೊಳ್ಳಿ’ ಅಂದರು. ನೋಡಿಕೊಂಡೆ. ಮೂಲೆಯಲ್ಲಿದ್ದ ಅರಾಜಕತಾವಾದಿ ಹುಡುಗ ಮಾತ್ರ, ‘ಇಳಿಸಿ ಅಂತ ಕೇಳ್ತಿರೋದು ಯಾರನ್ನ? ಸರ್ಕಾರವನ್ನಾ?’ ಅಂತ ನಕ್ಕು ಹೊರಟುಹೋದ. ಅವನ ಗುರು, ಸರ್ಕಾರವೇ ಬೇಡ ಅಂದ ಬಕೂನಿನ್‌ನನ್ನು 1872ರಲ್ಲಿ ಕಾರ್ಮಿಕರ ಅಂತರರಾಷ್ಟ್ರೀಯ ಸಂಘದ ಹೇಗ್ ಸಭೆಯಲ್ಲಿ ಹೊರಹಾಕಿದ್ದರು. ಇವನು ಆ ತೊಂದರೆಯನ್ನೂ ಕೊಡಲಿಲ್ಲ.

ಎರಡನೇ ಸಭೆ, ಸಮಿತಿಯ ಸದಸ್ಯ ಅಂದರೆ ಯಾರು ಅನ್ನೋದರ ಮೇಲೆ. ನಗಬೇಡಿ. 1903ರಲ್ಲಿ ರಷ್ಯಾದ ಸಮಾಜವಾದಿಗಳ ಪಕ್ಷ ಬೋಲ್ಷೆವಿಕ್, ಮೆನ್ಷೆವಿಕ್ ಅಂತ ಒಡೆಯೋಕೆ ಶುರುವಾಗಿದ್ದೂ ಇಂಥದ್ದೇ ಪ್ರಶ್ನೆಯಿಂದ. ಅವರಿಗೆ ವಾಟ್ಸಾಪ್ ಇರಲಿಲ್ಲ, ನಮಗೆ ಇತ್ತು, ಹಾಗಾಗಿ ರಾತ್ರಿ ಬೆಳಗಾಗೋದರೊಳಗೆ ಒಂದು ಗ್ರೂಪು ಮೂರಾಯಿತು. ಮೂರರ ಹೆಸರಲ್ಲೂ ‘ಐಕ್ಯ’ ಇದೆ. ನಾನು ಮೂರರಲ್ಲೂ ಇದ್ದೀನಿ, ತೆಗೆಯೋದು ಯಾರಿಗೂ ನೆನಪಾಗಿಲ್ಲ.

ಮೂರನೇ ಸಭೆಯಲ್ಲಿ ಸಾಗರದ ಕಡೆಯ ಹಿರಿಯರೊಬ್ಬರು ಬಾಯಿ ಬಿಟ್ಟರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಕಾಲದಿಂದ ಬಂದವರು, ಅಲ್ಲಿಯವರೆಗೆ ಎಲೆ ಅಡಿಕೆ ಹಾಕಿಕೊಂಡು ಸುಮ್ನೆ ಕೂತಿದ್ದರು. ‘ಕಾಗೋಡಲ್ಲಿ ಜಗಳ ಶುರುವಾಗಿದ್ದು ಕೊಳಗದ ಮೇಲೆ ಮಾರಾಯ್ರೆ’ ಅಂದರು. ನಿಜ. 1951ರಲ್ಲಿ ಸಾಗರದ ಹತ್ತಿರದ ಕಾಗೋಡು ಹಳ್ಳಿಯ ಗೇಣಿದಾರರು ಕ್ರಾಂತಿ ಬೇಕು ಅಂತ ಎದ್ದವರಲ್ಲ. ಗೇಣಿ ಭತ್ತ ಅಳೆಯೋ ಕೊಳಗ ದೊಡ್ಡದು, ಮೋಸ ಆಗ್ತಿದೆ ಅಂತ ಎದ್ದವರು. ಆಮೇಲೆ ಸಮಾಜವಾದಿ ಪಕ್ಷ ಬಂತು, ಲೋಹಿಯಾ ಬಂದು ಬಂಧನವಾದರು, ಅದೇ ಪಕ್ಷದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಗೆದ್ದು ವಿಧಾನಸಭೆಗೆ ಹೋದರು, ಮತ್ತೆ ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ ಭೂಸುಧಾರಣೆ ಕಾನೂನು ಬಂತು.

ಸಭೆ ಒಂದು ನಿಮಿಷ ಗಪ್‌ಚುಪ್. ಇನ್ನೇನು ಬುದ್ಧಿ ಬಂತು ಅಂದುಕೊಂಡೆ. ‘ನೋಡಿ, 23 ವರ್ಷ! ಹಂತ ಹಂತವಾಗಿ!’ ಅಂತ ಮೇಷ್ಟ್ರು ಕುಣಿದರು. ‘ನೋಡಿ, ಹೋರಾಟ! ಜೈಲು!’ ಅಂತ ಕಾಮ್ರೇಡ್ ಕುಣಿದರು. ಉಳಿದ ಎರಡು ಗಂಟೆ ಕಾಗೋಡು ಯಾರದು ಅಂತ ಜಗಳ. ಹಿರಿಯರು ಎಲೆ ಅಡಿಕೆ ಉಗಿಯೋಕೆ ಹೊರಗೆ ಹೋದವರು ಒಳಗೆ ಬರಲೇ ಇಲ್ಲ.

ಇವರನ್ನೇ ಬೈದು ಏನು ಪ್ರಯೋಜನ ಹೇಳಿ. ಈ ದೇಶದಲ್ಲಿ ಸಮಾಜವಾದಿ ಅಲ್ಲದ ಪಕ್ಷವೇ ಇಲ್ಲ. ತಮಾಷೆಯಲ್ಲ, ಜನಪ್ರತಿನಿಧಿ ಕಾಯ್ದೆಯ 29ಎ ಕಲಂ ಓದಿ. ಚುನಾವಣಾ ಆಯೋಗದಲ್ಲಿ ನೋಂದಣಿ ಬೇಕಾದರೆ ಸಮಾಜವಾದದ ತತ್ವಕ್ಕೆ ನಿಷ್ಠೆ ಇದೆ ಅಂತ ಪಕ್ಷ ಬರೆದುಕೊಡಬೇಕು. 1989ರಿಂದ ಹೀಗೇ ಇದೆ. ಅದಕ್ಕೇ ದರ ಏರಿದಾಗ ರಾಜ್ಯದ ಸಮಾಜವಾದಿಗಳು ಕೇಂದ್ರದ ಸಮಾಜವಾದಿಗಳ ಕಡೆ ಕೈ ತೋರಿಸಿದರು, ಕೇಂದ್ರದವರು ರಾಜ್ಯದ ಕಡೆ ತೋರಿಸಿದರು. ಬದುಕಿರುವ ಜನ ಐದು ವರ್ಷ ಕಾಯಲ್ಲ ಅಂತ ಲೋಹಿಯಾ ಹೇಳುತ್ತಿದ್ದರಂತೆ. ಅವರ ಶಿಷ್ಯ ಗೋಪಾಲಗೌಡರ ಹೆಸರಿನ ವೃತ್ತ ವಿಧಾನಸೌಧದ ಪಕ್ಕದಲ್ಲೇ ಇದೆ, ದಿನಾ ಸಾವಿರಾರು ಜನ ಅಲ್ಲಿ ಸಿಗ್ನಲ್ ಕಾಯ್ತಾ ನಿಂತಿರ್ತಾರೆ.

ನಾಲ್ಕನೇ ಸಭೆಯಲ್ಲಿ ಏನೂ ಆಗಲಿಲ್ಲ.

ಐದನೆಯದರಲ್ಲಿ ಪೊಲೀಸ್ ಅನುಮತಿಯ ಅರ್ಜಿ ತುಂಬಿದೆವು. ಬೆಂಗಳೂರಿನಲ್ಲಿ ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕ್ ಒಂದೇ, ಅದೂ ಅನುಮತಿ ತಗೊಂಡು. ಆ ಪಾರ್ಕು ಮೊದಲು ಸೆಂಟ್ರಲ್ ಜೈಲು. ಗುದ್ದಲಿ (ಅಂದರೆ ಕಟ್ಟುವ ಕೆಲಸ), ಮತ, ಜೈಲು ಅಂತ ಸಮಾಜವಾದಿಗೆ ಮೂರು ದಾರಿ ಹೇಳಿದವರು ಲೋಹಿಯಾ. ನಮ್ಮ ಊರಲ್ಲಿ ಈಗ ಪ್ರತಿಭಟನೆ ಮಾಡೋಕೆ ಮೊದಲೇ ಜೈಲಿನ ಜಾಗಕ್ಕೆ ಹೋಗಬೇಕು, ಪೊಲೀಸರಿಗೂ ಕೆಲಸ ಕಡಿಮೆ. ಅರ್ಜಿಯಲ್ಲಿ ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ಮುಗಿಯುತ್ತೆ ಅಂತ ಬರೆಯಬೇಕಿತ್ತು. ಕಾಮ್ರೇಡ್ ಪೆನ್ನು ತಗೊಂಡು, ಕೊಂಚವೂ ಯೋಚಿಸದೆ, ಸಂಜೆ 5 ಅಂತ ಬರೆದರು.

ಆಗ ಮೇಷ್ಟ್ರು ಕನ್ನಡಕ ಏರಿಸಿ ಕೆಮ್ಮಿದರು. ‘ಕಾಮ್ರೇಡ್, ವಾರದ ದಿನ ಮಧ್ಯಾಹ್ನ ನಾಲ್ಕರೊಳಗೆ ಮೆಟ್ರೋ ಹತ್ತಿದರೆ ಸ್ಮಾರ್ಟ್ ಕಾರ್ಡಿನಲ್ಲಿ ಇನ್ನೂ 5 ಪರ್ಸೆಂಟ್ ರಿಯಾಯಿತಿ ಇದೆ. ಸೆಂಟ್ರಲ್ ಕಾಲೇಜ್ ಸ್ಟೇಷನ್‌ಗೆ ನಡೆಯೋಕೂ ಟೈಮ್ ಬೇಕಲ್ವಾ?’

ಕಾಮ್ರೇಡ್ 5 ಹೊಡೆದುಹಾಕಿ 3.30 ಅಂತ ತಿದ್ದಿದರು. ಐದು ಸಭೆಗಳಲ್ಲಿ ಯಾರೂ ತಕರಾರು ಮಾಡದೆ, ತಕ್ಷಣ, ಎಲ್ಲರೂ ಕೈ ಎತ್ತಿ ಒಪ್ಪಿದ ನಿರ್ಣಯ ಅದೊಂದೇ.