ಒಂದು ಚೂರು ತಿಂದ್ರೆ ಏನಾಗತ್ತೆ?

"ನಿಂಗೋಸ್ಕರ ಗೋಧಿ ಮುಟ್ಟೇ ಇಲ್ಲ ಕಣೋ. ಪೂರ್ತಿ ಮೈದಾದಲ್ಲೇ ಮಾಡಿದೀನಿ!"

ಗೆಳತಿ ಕೇಕಿನ ತಟ್ಟೆಯನ್ನು ನನ್ನ ಮುಂದಿಟ್ಟಳು. ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಹೊಳಪು. ನನಗೆ ಮಾತೇ ಹೊರಡಲಿಲ್ಲ. ಮೈದಾ ಅಂದರೆ ಮೇಲಂಗಿ ಕಳಚಿ, ಪೌಡರ್ ಬಳಿದುಕೊಂಡು ಬಂದ ಗೋಧಿಯೇ ಎಂದು ಅವಳಿಗೆ ಹೇಗೆ ಹೇಳುವುದು? ಕೊನೆಗೆ ಹೇಳಿದೆ. "ಹಾಗಾದ್ರೆ ರವೆ?" ಎಂದಳು. ರವೆ ಅದೇ ಮನೆಯ ತಮ್ಮ ಎಂದೆ. ಅವಳು ಕೇಕನ್ನೂ ನನ್ನನ್ನೂ ಒಂದೇ ಥರ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಸಾಕು, ಮೈಯನ್ನು ಕಾಯಬೇಕಾದ ಪಡೆ ನನ್ನ ಸಣ್ಣ ಕರುಳಿನ ಮೇಲೆಯೇ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಇದಕ್ಕೆ ಮದ್ದು ಒಂದೇ, ತಿನ್ನದೇ ಇರುವುದು. ಜಗತ್ತಿನಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಈ ಕಾಯಿಲೆ ಇದೆ. ಆ ಒಬ್ಬನನ್ನು ಊಟಕ್ಕೆ ಕರೆಯುವ ಉಳಿದ 99 ಜನರ ಕಷ್ಟಕ್ಕೆ ಮಾತ್ರ ಇನ್ನೂ ಯಾರೂ ಹೆಸರಿಟ್ಟಿಲ್ಲ.

ಗೆಳೆಯರ ಜೊತೆ ಹೇಗೋ ಏಗಬಹುದು. ಗೆಳೆಯರ ಅಮ್ಮಂದಿರ ಜೊತೆ ಆಗುವುದಿಲ್ಲ. "ಒಂದು ಚೂರು ತಿಂದ್ರೆ ಏನಾಗತ್ತಪ್ಪಾ?" ಎಂದು ಒಬ್ಬರು ಪಟ್ಟು ಹಿಡಿದರು. ನಾನು ಲೆಕ್ಕ ಹೇಳಿದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ನನ್ನಂಥ ಹೆಚ್ಚಿನವರಿಗೆ ತೊಂದರೆ ಇಲ್ಲ. ಒಂದು ಸ್ಲೈಸ್ ಬ್ರೆಡ್ಡಿನಲ್ಲಿ 2 ಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರುತ್ತದೆ. ಅಂದರೆ ಆ ಸ್ಲೈಸನ್ನು 200 ತುಂಡು ಮಾಡಿ, ಅದರಲ್ಲಿ ಒಂದನ್ನು ತಿಂದರೆ ನನ್ನ ದಿನದ ಕೋಟಾ ಮುಗಿಯಿತು. ಅವರು ಗಮನವಿಟ್ಟು ಕೇಳಿದರು. ಆಮೇಲೆ, "ಅಷ್ಟು ಸಣ್ಣದು ಕಣ್ಣಿಗೇ ಕಾಣಲ್ಲ. ಕಾಣದೇ ಇರೋದು ಏನು ಮಾಡತ್ತೆ, ತಿನ್ನು" ಎಂದರು.

ಈ ಕಾಣದೇ ಇರುವುದರ ಬಗ್ಗೆ ನನಗೆ ಪಾಠ ಕಲಿಸಿದವನು ನನ್ನ ಅತಿ ಹತ್ತಿರದ ಗೆಳೆಯ. ಪಾಪ, ಒಂದು ವಾರ ಓದಿಕೊಂಡಿದ್ದ. ನನಗಾಗಿ ಅಕ್ಕಿ ಹಿಟ್ಟಿನ ನೂಡಲ್ಸ್ ತಂದಿದ್ದ, ಮಿಕ್ಕವರಿಗೆ ಮಾಮೂಲಿಯದು. ಎರಡು ಒಲೆ, ಎರಡು ಪಾತ್ರೆ, ಬಸಿಯುವ ಜರಡಿ ಕೂಡ ಎರಡು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಎರಡನೇ ಸಲ ಬಡಿಸಿಕೊಂಡ ಮೇಲೆ ಅಡುಗೆಮನೆ ಕಡೆ ಕಣ್ಣು ಹಾಯಿಸಿದೆ. ಪಾತ್ರೆ ಎರಡಿದ್ದವು. ಸೌಟು ಒಂದೇ ಇತ್ತು.

"ಮಧ್ಯೆ ತೊಳೆದ್ಯಾ?"

"ಚೆನ್ನಾಗಿ ಕೊಡವಿದೆ ಕಣೋ."

ನನ್ನ ಮುಖ ನೋಡಿ, "ಕುದಿಯೋ ನೀರಲ್ಲಿ ಸಾಯಲ್ವಾ ಅದು?" ಎಂದು ಸಮಾಧಾನ ಮಾಡಲು ನೋಡಿದ. ಸಾಯಬೇಕಾದರೆ ಮೊದಲು ಬದುಕಿರಬೇಕಲ್ಲ. ಅದೇನು ರೋಗಾಣುವೇ? ಪ್ರೋಟೀನು. ಕುದಿಸಿ, ಹುರಿಯಿರಿ, ಅದು ಇದ್ದಲ್ಲೇ ಇರುತ್ತದೆ. ಆ ರಾತ್ರಿ ನಾನೂ ಇದ್ದಲ್ಲೇ ಇದ್ದೆ. ಎಲ್ಲಿ ಎಂದು ಕೇಳಬೇಡಿ.

ಅಂದಿನಿಂದ ನಾನು ಪತ್ತೇದಾರನಾಗಿದ್ದೇನೆ. ಜಾಮ್ ಬಾಟಲಿ ತೆರೆದರೆ ಮೊದಲು ಹುಡುಕುವುದು ಅದರೊಳಗೆ ಬಿದ್ದ ಬ್ರೆಡ್ಡಿನ ಪುಡಿ. ಸೂಪ್ ಗಟ್ಟಿಯಾಗಿದ್ದರೆ ನನ್ನ ಎದೆ ಡವಗುಟ್ಟುತ್ತದೆ, ಹಿಟ್ಟಿಲ್ಲದೆ ಅದು ಹಾಗೆ ನಿಲ್ಲುವುದು ಕಡಿಮೆ. ಬೇರೆಯವರ ಮನೆಯ ಟೋಸ್ಟರ್ ಕಂಡರೆ ನಾಲ್ಕು ಹೆಜ್ಜೆ ದೂರ. ಸೋಯಾ ಸಾಸ್ ಮಾತ್ರ ನಂಬಿಕೆದ್ರೋಹಿ. ಹೆಸರಿನಲ್ಲಿ ಬರೀ ಸೋಯಾ, ಬಾಟಲಿಯಲ್ಲಿ ಸಾಮಾನ್ಯವಾಗಿ ಗೋಧಿಯೂ ಇರುತ್ತದೆ.

ಪತ್ತೇದಾರಿಕೆಗೆ ಸಾಕ್ಷ್ಯ ಬೇಕು. ಸಾಕ್ಷ್ಯ ಇರುವುದು ಪೊಟ್ಟಣದ ಹಿಂದೆ, ಪೊಟ್ಟಣ ಇರುವುದು ಕಸದ ಡಬ್ಬಿಯಲ್ಲಿ. ಒಮ್ಮೆ ಒಬ್ಬರ ಮನೆಯಲ್ಲಿ ಯಾರೂ ಇಲ್ಲದಾಗ ಮೆಲ್ಲಗೆ ಡಬ್ಬಿಗೆ ಕೈ ಹಾಕಿ ಸಾಸಿನ ಪೊಟ್ಟಣ ಎತ್ತಿ ಓದುತ್ತಿದ್ದೆ. ಹಿಂದೆ ಗುರುತಿಲ್ಲದ ಅತಿಥಿಯೊಬ್ಬರು ಬಂದು ನಿಂತಿದ್ದರು. ನನ್ನನ್ನೂ ಪೊಟ್ಟಣವನ್ನೂ ನೋಡಿ, ತುಂಬ ಮೆದುವಾಗಿ, "ಹಸಿವಾದ್ರೆ ಕೇಳಿ, ಬಡಿಸ್ತಾರೆ" ಎಂದರು. ಆಮೇಲೆ ಊಟದ ಉದ್ದಕ್ಕೂ ನನ್ನ ತಟ್ಟೆ ಖಾಲಿಯಾಗದಂತೆ ನೋಡಿಕೊಂಡರು. ಅದರಲ್ಲಿ ಅರ್ಧ ನಾನು ತಿನ್ನುವ ಹಾಗಿರಲಿಲ್ಲ.

ಹೀಗಾಗಿ ಸಿಪ್ಪೆ ಇರುವುದೆಲ್ಲ ನನ್ನ ಬಂಧುಬಳಗ. ಬೇಯಿಸಿದ ಮೊಟ್ಟೆ, ಸಿಪ್ಪೆ ಸಮೇತ ಬೆಂದ ಆಲೂಗಡ್ಡೆ, ಕತ್ತರಿಸದ ಹಣ್ಣು. ಬ್ಯಾಗಿನಲ್ಲಿ ಯಾವಾಗಲೂ ಎರಡು ಬಾಳೆಹಣ್ಣು ಇರುತ್ತವೆ. ಇದಕ್ಕೊಂದು ಹಿನ್ನೆಲೆಯೂ ಇದೆ. 1924ರಲ್ಲಿ ಸಿಡ್ನಿ ಹಾಸ್ ಎಂಬ ಅಮೆರಿಕದ ವೈದ್ಯರು ಈ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದರು. ಮಕ್ಕಳು ಚೇತರಿಸಿಕೊಂಡರು, ಹೆಸರು ಬಾಳೆಹಣ್ಣಿಗೆ ಬಂತು. ನಿಜವಾಗಿ ಕೆಲಸ ಮಾಡಿದ್ದು ತಟ್ಟೆಯಿಂದ ಬ್ರೆಡ್ ಎದ್ದು ಹೋಗಿದ್ದು. ತಪ್ಪು ಗೋಧಿಯದೇ ಎಂದು ತೋರಿಸಿಕೊಟ್ಟಿದ್ದು ನೆದರ್‌ಲ್ಯಾಂಡ್ಸ್‌ನ ಮಕ್ಕಳ ವೈದ್ಯ ವಿಲೆಮ್ ಡಿಕೆ. ಅವರು ಅದನ್ನು ಪ್ರಬಂಧವಾಗಿ ಬರೆಯುವಷ್ಟರಲ್ಲಿ 1950 ಆಗಿತ್ತು. ಅಷ್ಟು ಕಾಲ ಪಾಪದ ಬಾಳೆಹಣ್ಣು ಸುಮ್ನೆ ಹೊಗಳಿಸಿಕೊಂಡಿತು. ನಾನಂತೂ ಇನ್ನೂ ಹೊಗಳುತ್ತೇನೆ.

ಹೋದ ತಿಂಗಳು ಎಲ್ಲರನ್ನೂ ನಮ್ಮ ಮನೆಗೇ ಕರೆದೆ. ನನ್ನ ಅಡುಗೆಮನೆ, ನನ್ನ ಸೌಟು, ಯಾರಿಗೂ ವಿವರಣೆ ಕೊಡುವ ಕೆಲಸವಿಲ್ಲ. ಬೆಳಿಗ್ಗೆಯಿಂದ ನಿಂತು ಕೇಕ್ ಮಾಡಿದೆ. ಮೈದಾ ಇಲ್ಲದೆಯೂ ಎಷ್ಟು ಮೆತ್ತಗೆ ಬಂದಿತ್ತು ಅಂತೀರಿ! ಗೆಳತಿಯ ಹೊಸ ಸಹೋದ್ಯೋಗಿಯೊಬ್ಬ ಜೊತೆಗೆ ಬಂದಿದ್ದ. ತಟ್ಟೆ ಅವನ ಮುಂದೆ ಹಿಡಿದೆ. ಅವನು ಸಂಕೋಚದಿಂದ, "ಇದು ಯಾವ ಹಿಟ್ಟು?" ಎಂದು ಕೇಳಿದ.

"ಹೆದರಬೇಡಿ, ಗೋಧಿ ಒಂದು ಕಣವೂ ಇಲ್ಲ. ಪೂರ್ತಿ ಬಾದಾಮಿ ಹಿಟ್ಟು!" ಎಂದೆ. ಮುಖದಲ್ಲಿ ಹೊಳಪು ಬಂದಿದ್ದು ನನಗೇ ಗೊತ್ತಾಗುತ್ತಿತ್ತು.

ಅವನು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿದ. "ಬಾದಾಮಿ ನಂಗೆ ಆಗಲ್ಲ, ಅಲರ್ಜಿ" ಎಂದ. ಕತ್ತರಿಸಿದ ಚಾಕು ಯಾವುದು, ಹಣ್ಣಿಗೂ ಅದೇನಾ ಎಂದು ಕೇಳಿದ. ಅದೇ ಆಗಿತ್ತು. ಒರೆಸಿದ್ದೆ.

ಗೆಳತಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಹೋಗಿ ನನ್ನ ಬ್ಯಾಗ್ ತಂದೆ. ಒಂದು ಅವನಿಗೆ ಕೊಟ್ಟು, ಇನ್ನೊಂದರ ಸಿಪ್ಪೆ ಸುಲಿಯುತ್ತಾ ಪಕ್ಕದಲ್ಲಿ ಕುಳಿತೆ.