ಕಳಿಸಿದ ಕ್ಲಬ್ಬೇ ಮತ್ತೆ ಕರೆಯಿತು

ಸಿಡ್ನಿಯಿಂದ ಪಶ್ಚಿಮಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ನೆಪಿಯನ್ ನದಿಯ ದಂಡೆಯಲ್ಲಿ ಪೆನ್ರಿತ್ ಸಿಗುತ್ತದೆ. ಅದರ ಆಚೆ ಬ್ಲೂ ಮೌಂಟನ್ಸ್ ಬೆಟ್ಟಸಾಲು. ನಮ್ಮ ಮನೆಯಿಂದ ರೈಲಿನಲ್ಲಿ ಅರ್ಧ ಗಂಟೆ. ಈ ಕಡೆ ಆಟ ಅಂದರೆ ರಗ್ಬಿ ಲೀಗ್. ತಂಡಕ್ಕೆ 13 ಜನ, 80 ನಿಮಿಷ. ಎದುರಾಳಿಗಳು ಆರು ಸಲ ಹಿಡಿದು ಕೆಡವುವುದರೊಳಗೆ ಚೆಂಡನ್ನು ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸಬೇಕು (ಇದೇ ಟ್ರೈ). ಇಲ್ಲದಿದ್ದರೆ ಚೆಂಡು ಅವರ ಪಾಲು. ಕಬಡ್ಡಿ ಆಡಿ ಬೆಳೆದವನು ನಾನು. ಟ್ಯಾಕಲ್ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಪೆನ್ರಿತ್ ಪ್ಯಾಂಥರ್ಸ್ ತಂಡದ ಕೋಚ್ ಇವಾನ್ ಕ್ಲಿಯರಿ. ಇವರ ಕಥೆ ಓದಿದಾಗಿನಿಂದ ನನಗೆ ನಮ್ಮೂರಿನ ಪಿ.ಟಿ. ಮೇಷ್ಟ್ರು ನೆನಪಾಗುತ್ತಲೇ ಇದ್ದಾರೆ.

ಕ್ಲಿಯರಿ ಒಳ್ಳೆಯ ಆಟಗಾರ. 1998ರಲ್ಲಿ ಸಿಡ್ನಿಯ ರೂಸ್ಟರ್ಸ್ ತಂಡಕ್ಕೆ ಆಡುತ್ತಾ ಒಂದೇ ಸೀಸನ್‌ನಲ್ಲಿ 284 ಅಂಕ ಗಳಿಸಿದ್ದರು. ಆಗ ಅದೇ ದಾಖಲೆ. ಆಮೇಲೆ ನ್ಯೂಜಿಲೆಂಡಿನ ವಾರಿಯರ್ಸ್ ಸೇರಿದರು. 2002ರ ಫೈನಲ್‌ನಲ್ಲಿ ಸೋತು ಆಟ ನಿಲ್ಲಿಸಿದರು. ಇಷ್ಟು ಹೆಸರಿದ್ದರೂ ಯಾರೂ ಮಾರನೆಯ ದಿನವೇ ಅವರ ಕೈಗೆ ದೊಡ್ಡ ತಂಡ ಕೊಡಲಿಲ್ಲ. ರೂಸ್ಟರ್ಸ್‌ನ ಎರಡನೇ ದರ್ಜೆಯ ಹುಡುಗರಿಗೆ ಕಲಿಸಿದರು. ನಂತರ ವಾರಿಯರ್ಸ್‌ನಲ್ಲಿ ಸಹಾಯಕ. 2006ರಲ್ಲಿ ಅಲ್ಲೇ ಮುಖ್ಯ ಕೋಚ್. 2011ರಲ್ಲಿ ಆ ತಂಡವನ್ನು ಫೈನಲ್‌ವರೆಗೂ ತಂದರು. ಅಲ್ಲೂ ಸೋಲೇ.

2012ರಲ್ಲಿ ಪೆನ್ರಿತ್‌ಗೆ ಬಂದರು. ನಾಲ್ಕು ಸೀಸನ್ ಆದಮೇಲೆ, 2015ರಲ್ಲಿ, ಕ್ಲಬ್ಬು ಅವರನ್ನು ತೆಗೆದುಹಾಕಿತು. ಅವರು ದಣಿದಂತೆ ಕಾಣುತ್ತಿದ್ದಾರೆ ಎಂಬ ಮಾತು ಕ್ಲಬ್ಬಿನ ದೊಡ್ಡವರಿಂದಲೇ ಬಂತು. ಆ ಒಂದು ಮಾತು ಎಷ್ಟು ನೋಯಿಸಿರಬೇಕು, ಯೋಚಿಸಿ. ಕೆಲಸ ಹೋಗುವುದು ಒಂದು ನೋವು. ನಿನ್ನಲ್ಲಿ ಇನ್ನು ಕಸುವಿಲ್ಲ ಅಂತ ಊರಿಗೆಲ್ಲ ಕೇಳುವ ಹಾಗೆ ಅನ್ನಿಸಿಕೊಳ್ಳುವುದು ಬೇರೆಯೇ ನೋವು, ಅಲ್ವಾ?

2017ರಲ್ಲಿ ಅವರು ವೆಸ್ಟ್ಸ್ ಟೈಗರ್ಸ್ ಕೋಚ್ ಆದರು. ಅಷ್ಟರಲ್ಲಿ ಪೆನ್ರಿತ್ ಮತ್ತೆ ಕರೆಯಿತು. ಕರಾರು ಬಾಕಿ ಇದ್ದರೂ ಟೈಗರ್ಸ್ ಬಿಟ್ಟು 2019ಕ್ಕೆ ಹಳೆ ಕ್ಲಬ್ಬಿಗೆ ಬಂದರು. 'ನನ್ನ ಬಸ್ಸಿಗೆ ಯಾರು ಹತ್ತುತ್ತೀರಿ' ಎಂಬ ಅರ್ಥದ ಮಾತನ್ನು ಟೈಗರ್ಸ್ ಆಟಗಾರರಿಗೆ ಹೇಳಿದವರು ತಾವೇ ಇಳಿದು ಹೋದರು ಅಂತ ಆ ತಂಡದ ಅಭಿಮಾನಿಗಳಿಗೆ ತುಂಬಾ ಸಿಟ್ಟು. ಆ ಸಿಟ್ಟು ನ್ಯಾಯವಾದದ್ದೇ. ಅದನ್ನು ಮುಚ್ಚಿಟ್ಟು ಇವರನ್ನು ಹೊಗಳಲು ನನಗೆ ಮನಸ್ಸಿಲ್ಲ.

ಬಂದ ಮೊದಲ ವರ್ಷ ತಂಡ 10ನೇ ಸ್ಥಾನ. 2020ರಲ್ಲಿ ಫೈನಲ್ ಸೋಲು. ಆಮೇಲೆ 2021, 22, 23, 24, ಸಾಲಾಗಿ ನಾಲ್ಕು ಕಪ್! 1956ರಿಂದ 66ರವರೆಗೆ ಸೇಂಟ್ ಜಾರ್ಜ್ ತಂಡ 11 ಸಲ ಗೆದ್ದ ಮೇಲೆ ಇಂಥದ್ದು ಯಾರಿಂದಲೂ ಆಗಿರಲಿಲ್ಲ. 2023ರ ಫೈನಲ್ ನಾನು ಟಿವಿಯಲ್ಲಿ ನೋಡಿದೆ. ಸುಮಾರು 20 ನಿಮಿಷ ಬಾಕಿ, ಬ್ರಿಸ್ಬೇನ್ 24, ಪೆನ್ರಿತ್ 8. ಮುಗಿಯಿತು ಅಂದುಕೊಂಡು ಎದ್ದೆ. ಮಗ ಕೈ ಹಿಡಿದು ಕೂರಿಸಿದ. ಕೊನೆಗೆ 26-24. ಕೊನೆಯ ಟ್ರೈ ಹಾಕಿದ್ದು ಕೋಚ್‌ನ ಮಗ ನೇಥನ್ ಕ್ಲಿಯರಿ.

ಇಲ್ಲಿ ಪ್ರತಿ ಕ್ಲಬ್ಬಿಗೂ ಆಟಗಾರರ ಒಟ್ಟು ಸಂಬಳಕ್ಕೆ ಮಿತಿ ಇದೆ. ಗೆದ್ದ ತಂಡದ ಹುಡುಗರಿಗೆ ಬೇರೆಯವರು ಜಾಸ್ತಿ ದುಡ್ಡು ಕೊಟ್ಟು ಕರೆದೊಯ್ಯುತ್ತಾರೆ. ಬರ್ಟನ್, ಕಿಕಾವ್, ಕ್ರೈಟನ್ ಎಲ್ಲರೂ ಹಾಗೇ ಹೋದರು. ಪ್ರತಿ ಸಲವೂ ಕೆಳಗಿನ ದರ್ಜೆಯಿಂದ ಹೊಸ ಹುಡುಗರನ್ನು ತಂದು ನಿಲ್ಲಿಸಬೇಕು. ರೂಸ್ಟರ್ಸ್‌ನ ಕೆಳಗಿನ ಹುಡುಗರ ಜೊತೆ ಕಳೆದ ಆ ವರ್ಷಗಳು ಇಲ್ಲಿ ಕೆಲಸಕ್ಕೆ ಬಂದಿರಬೇಕು ಅಂತ ನನಗನಿಸುತ್ತದೆ.

ನಮ್ಮಲ್ಲಿ ಇಂಥವರು ಇಲ್ಲ ಅಂತಲ್ಲ. ದ್ರಾವಿಡ್ ಅವರನ್ನೇ ನೋಡಿ. 2007ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ತಂಡ ಮೊದಲ ಸುತ್ತಿನಲ್ಲೇ ಹೊರಬಿತ್ತು. ಆಟ ಬಿಟ್ಟಮೇಲೆ 19 ವರ್ಷದೊಳಗಿನ ಹುಡುಗರಿಗೂ ಎ ತಂಡಕ್ಕೂ ವರ್ಷಗಟ್ಟಲೆ ಕಲಿಸಿದರು. ಭಾರತ ತಂಡದ ಕೋಚ್ ಆಗಿ 2023ರ ವಿಶ್ವಕಪ್ ಫೈನಲ್ ಸೋತರೂ ಅವರನ್ನು ಉಳಿಸಿಕೊಂಡರು. 2024ರಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಸಿಕ್ಕಿತು. ಕಬಡ್ಡಿಯಲ್ಲಿ ನಮ್ಮ ಬಿ.ಸಿ. ರಮೇಶ್ ಇದ್ದಾರೆ. 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬಂಗಾಳಕ್ಕೆ, 2024ರಲ್ಲಿ ಪುಣೆಗೆ ಪ್ರೊ ಕಬಡ್ಡಿ ಕಪ್ ಗೆಲ್ಲಿಸಿದರು.

ಮೇಲಿನ ಮಟ್ಟದಲ್ಲಿ ಸರಿ. ಊರಿನ ಮಟ್ಟದಲ್ಲಿ ಏನಾಗುತ್ತದೆ? ಒಳ್ಳೆಯ ಆಟಗಾರನಿಗೆ ಕ್ರೀಡಾ ಕೋಟಾದಲ್ಲಿ ಪೊಲೀಸ್, ರೈಲ್ವೆ ಅಥವಾ ಬ್ಯಾಂಕಿನಲ್ಲಿ ಕೆಲಸ ಸಿಗುತ್ತದೆ. ಅದು ಮನೆ ನಡೆಸುತ್ತದೆ, ಅದು ಬೇಕು. ಆದರೆ ಅಲ್ಲಿಂದಾಚೆ ಎಷ್ಟೋ ಜನರ ಆಟದ ತಿಳಿವಳಿಕೆ ಅವರಲ್ಲೇ ಉಳಿದುಬಿಡುತ್ತದೆ. ಇಲ್ಲಿ ಸಿಡ್ನಿ ಕಡೆ ನನ್ನ ಮಗ ಆಡುವ ಮಕ್ಕಳ ತಂಡಕ್ಕೆ ಕಲಿಸುವವರು ಒಬ್ಬ ಪ್ಲಂಬರ್. ಒಂದು ಕಾಲಕ್ಕೆ ಎರಡನೇ ದರ್ಜೆಯಲ್ಲಿ ಆಡಿದವರು. ಕೋಚಿಂಗ್ ತರಬೇತಿ ಮಾಡಿದ್ದಾರೆ, ಮಕ್ಕಳ ಜೊತೆ ಕೆಲಸ ಮಾಡಲು ಸರ್ಕಾರದ ತಪಾಸಣೆಯೂ ಆಗಿದೆ. ಸಂಬಳ ಇಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಮೈದಾನದಲ್ಲಿ ಇರುತ್ತಾರೆ.

ನಮ್ಮ ಮೇಷ್ಟ್ರು ಮಂಡ್ಯದ ಕಡೆಯ ಒಂದು ಶಾಲೆಯಲ್ಲಿದ್ದರು. ರೈಡರ್‌ನ ಕಣ್ಣು ನೋಡಬೇಡ, ಅವನ ಸೊಂಟ ನೋಡು, ಸೊಂಟ ಸುಳ್ಳು ಹೇಳಲ್ಲ ಅನ್ನುತ್ತಿದ್ದರು. ತಾಲ್ಲೂಕು ದಸರಾ ಕ್ರೀಡಾಕೂಟದಲ್ಲಿ ನಾವು ಒಂದು ವರ್ಷ ಸೋತೆವು. ಮುಂದಿನ ವರ್ಷ ತಂಡ ಅವರ ಕೈಯಲ್ಲಿರಲಿಲ್ಲ. ಯಾಕೆ ಅಂತ ನಾವು ಯಾರೂ ಕೇಳಲಿಲ್ಲ. ಅವರನ್ನು ಮತ್ತೆ ಯಾರೂ ಕರೆಯಲೂ ಇಲ್ಲ. ಆ ಮೌನ ನನ್ನನ್ನು ಈಗಲೂ ಕಾಡುತ್ತದೆ.

ಮೇಷ್ಟ್ರಿಗೆ ಈಗ ಎಪ್ಪತ್ತು ದಾಟಿದೆ. ಹೋದ ತಿಂಗಳು ಫೋನ್ ಮಾಡಿ ಕ್ಲಿಯರಿ ಕಥೆ ಹೇಳಿದೆ. ಪೂರ್ತಿ ಕೇಳಿದರು. "ಕೆಲಸ ಹೋದಾಗ ಅವನು ಮೈದಾನಕ್ಕೆ ಹೋಗೋದು ಬಿಟ್ಟನೇನಪ್ಪಾ?" ಅಂತ ಕೇಳಿದರು. ಇಲ್ಲ ಮೇಷ್ಟ್ರೇ, ಆಮೇಲೆ ಬೇರೆ ತಂಡಕ್ಕೆ ಕಲಿಸಿದರು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಿಟ್ಟುಬಿಟ್ಟೆ" ಅಂದರು.

ಊರಿನ ಯುವಕ ಸಂಘದವರ ಜೊತೆ ಮಾತಾಡಿದ್ದೇನೆ. ವಾರಕ್ಕೆ ಎರಡು ಸಂಜೆ ಹುಡುಗರನ್ನು ಮೇಷ್ಟ್ರ ಮುಂದೆ ನಿಲ್ಲಿಸುತ್ತಾರಂತೆ. ಮೇಷ್ಟ್ರ ಆಟೋ ಖರ್ಚು ನಾವು ಹಳೆಯ ಹುಡುಗರು ಹಂಚಿಕೊಳ್ಳುತ್ತೇವೆ. ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಮೊದಲ ದಿನ ನಾನೇ ಅವರನ್ನು ಮನೆಯಿಂದ ಕರೆದುಕೊಂಡು ಹೋಗುತ್ತೇನೆ.