ಶ್ರೇಷ್ಠ ಹಾಡಿನ ಪಟ್ಟಿ ಮಾಡಾವ್ರು ಬೀಳಗಿಯ ಅಮೀರಬಾಯಿನ್ನ ಮರೀಬ್ಯಾಡ್ರಿ

‘ಸಾರ್ವಕಾಲಿಕ ಶ್ರೇಷ್ಠ ಹಾಡು’ ಅಂತ ಪಟ್ಟಿ ಮ್ಯಾಲೆ ಪಟ್ಟಿ ಬರತಾವ. ಬೆಳಗಾವಿ, ಬಾಗಲಕೋಟಿ, ವಿಜಯಪುರದ ಮಂದಿನೂ ಹಂಗೇ ಶೇರ್ ಮಾಡ್ತಾರ. ಅವುಗಳಾಗ ಹಿಂದಿ ಸಿನಿಮಾಕ್ಕ ಹಾಡಿದ ನಮ್ಮ ಬೀಳಗಿಯ ಗಾಯಕಿ ಅಮೀರಬಾಯಿ ಕರ್ನಾಟಕಿ ಹೆಸರು ಹುಡುಕಿದ್ರ ಸಿಗೂದಿಲ್ಲ. 1943ರ ‘ಕಿಸ್ಮತ್’ ಚಿತ್ರಕ್ಕ ಅವ್ರು ಹಾಡಿದ ‘ಧೀರೇ ಧೀರೇ ಆ ರೇ ಬಾದಲ್’ ನನ್ನ ಪ್ರಕಾರ ಮೊದಲನೇ ಸ್ಥಾನಕ್ಕ ಕೂಡೂ ಹಾಡು.

ಯೂಟ್ಯೂಬ್ ವ್ಯೂಸ್ ಹಿಡಕೊಂಡು ಪಟ್ಟಿ ಮಾಡೂದು ಬ್ಯಾಡ. 2020ರಾಗ ಅಲ್ಲಿ ಮೊದಲನೇ ಸ್ಥಾನಕ್ಕ ಏರಿದ್ದು ‘ಬೇಬಿ ಶಾರ್ಕ್’ ಅನ್ನೂ ಕೂಸುಗಳ ಹಾಡು. ಕೂಸಿಗೆ ಉಣಸೂ ಮುಂದ ಫೋನ್ ಕೊಟ್ರ ದಿನಾ ತಿರಗತೈತಿ, ದಿನಾ ಲೆಕ್ಕಕ್ಕ ಸೇರತೈತಿ.

ಮತ ಹಾಕಸೂದ್ರಾಗೂ ತೊಡಕೈತಿ. ಮೊದಲನೇ ಹಾಡಿಗೆ 10 ಅಂಕ, ಹಿಂಗ ಇಳಕೋತ ಹತ್ತನೇದಕ್ಕ 1 ಅಂತ ಇಟ್ಕೋರಿ. ಹತ್ತೂ ಮಂದಿ ನಾಕನೇ ಜಾಗಾ ಕೊಟ್ಟ ಹಾಡಿಗೆ 70 ಬರತೈತಿ. ಐದು ಮಂದಿ ಮೊದಲನೇದು ಅಂದು, ಉಳಿದ ಐದು ಮಂದಿ ಕೇಳೇ ಇರದ ಹಾಡಿಗೆ 50. ಗೆದ್ದದ್ದು ಯಾರೂ ಎದಿಗೆ ಹಚ್ಚಿಕೊಳ್ಳದ ಹಾಡು! ಅದಕ್ಕ ಮೊದಲ ಎಲ್ಲಾರೂ ಎಲ್ಲಾ ಹಾಡು ಪೂರಾ ಕೇಳಬೇಕು, ಆಮ್ಯಾಲೆ ಮತ. ವಯಸ್ಸೂ ಬೆರಕಿ ಇರಬೇಕು. ಅಮೆರಿಕಾದ ‘ರೋಲಿಂಗ್ ಸ್ಟೋನ್’ ಸಂಗೀತ ಪತ್ರಿಕೆ 2004ರಾಗ ಬಾಬ್ ಡಿಲನ್ನರ 1965ರ ಹಾಡಿಗೆ ಮೊದಲನೇ ಸ್ಥಾನ ಕೊಡ್ತು. 2021ರಾಗ ಅರೀಥಾ ಫ್ರಾಂಕ್ಲಿನ್ನರ 1967ರ ‘ರೆಸ್ಪೆಕ್ಟ್’ ಮ್ಯಾಲೆ ಬಂದು ಡಿಲನ್ ಹಾಡು ನಾಕಕ್ಕ ಇಳೀತು. ಹಾಡಿನ ಒಂದು ಸ್ವರಾನೂ ಬದಲಾಗಿರಲಿಲ್ಲ, ಮತ ಹಾಕಾವ್ರು ಬದಲಾಗಿದ್ರು.

ಹಾಡು ಯಾವುದರಾಗ ಮುದ್ರಣ ಆತು ಅನ್ನೂದನ್ನೂ ನೋಡಬೇಕು. ನಿಮಿಷಕ್ಕ 78 ಸುತ್ತು ತಿರಗೂ ಹತ್ತು ಇಂಚಿನ ರೆಕಾರ್ಡಿನ ಒಂದು ಮಗ್ಗಲಿಗೆ ಹಿಡಸ್ತಿದ್ದದ್ದು ಮೂರು, ಬಾಳಂದ್ರ ಮೂರೂವರಿ ನಿಮಿಷ. ಮೇಣದ ಮ್ಯಾಲೆ ನೇರ ಕೊರೀತಿದ್ರು. ಒಂದು ಸ್ವರ ಜಾರಿದ್ರ ಮತ್ತ ಮೊದಲಿಂದ. ಈಗ ಸಾಲು ಸಾಲು ಬ್ಯಾರೆ ಹಾಡಿ ಜೋಡಸ್ತಾರ, ಶ್ರುತಿ ಕಂಪ್ಯೂಟರಿನ್ಯಾಗ ತಿದ್ದತಾರ. ಎರಡನ್ನೂ ಒಂದೇ ತಕ್ಕಡ್ಯಾಗ ಹಾಕಬಾರ್ದು. ರೆಕಾರ್ಡ್ ಕಾಲದ್ದು, ಕ್ಯಾಸೆಟ್ ಕಾಲದ್ದು, ಮೊಬೈಲ್ ಕಾಲದ್ದು ಅಂತ ಮೂರು ಗುಂಪು ಮಾಡಿ, ಒಂದೊಂದರಾಗ ಗೆದ್ದವನ್ನ ಕಡೀಕ ಎದುರಾಬದರು ಇಡ್ರಿ.

ಹಳೇ ಹಾಡು ನೆಟ್ಟಿನ್ಯಾಗ ಕೇಳಾವ್ರು ಇದನ್ನ ಬಾಳ ಮಂದಿ ಗಮನಸೂದಿಲ್ಲ: 78ರ ಬದಲಿ 80 ಸುತ್ತಿಗೆ ತಿರಗಿಸಿ ನೆಟ್ಟಿಗೆ ಏರಿಸಿದ್ರ ಹಾಡಿನ ಶ್ರುತಿ, ಹಾರ್ಮೋನಿಯಂನ ಒಂದು ಕೀಯಿಂದ ಪಕ್ಕದ ಕೀಗೆ ಇರೂ ಅಂತರದ ಹೆಚ್ಚುಕಡಿಮಿ ಅರ್ಧದಷ್ಟು ಮ್ಯಾಲೆ ಹೋಗತೈತಿ. ಹಾರ್ಮೋನಿಯಂ ಹಿಡಿದ್ರ, ಕರಿ ಒಂದರ ಶ್ರುತಿಯ ಹಾಡು ಕರಿ ಒಂದಕ್ಕೂ ಕೂಡೂದಿಲ್ಲ, ಪಕ್ಕದ ಬಿಳಿ ಎರಡಕ್ಕೂ ಕೂಡೂದಿಲ್ಲ. ದನಿ ತೆಳ್ಳಗಾಗತೈತಿ, ‘ಆಗಿನವ್ರದು ಕೀಚಲು ದನಿ’ ಅಂತ ಕೇಳಾವ್ರು ತಳ್ಳಿಬಿಡ್ತಾರ. ತಪ್ಪು ಗಾಯಕಿದಲ್ಲ, ಯಂತ್ರದ್ದು. ಫೋನಿನ್ಯಾಗ ಸ್ಪೀಡ್ ಇಳಿಸಿದ್ರ ಸರಿಯಾಗೂದಿಲ್ಲ. ವೇಗ ಅಷ್ಟೇ ಇಳೀತೈತಿ, ಶ್ರುತಿ ಅಲ್ಲೇ ನಿಂತಿರತೈತಿ. ಎರಡು ಮೂರು ಪ್ರತಿ ಹೋಲಿಸಿ ಕೇಳ್ರಿ.

ಕಡೀ ಪರೀಕ್ಷೆ ಇದು. ವಾದ್ಯ ಎಲ್ಲಾ ಬಿಟ್ಟು, ತಂಬೂರಿ ಒಂದೇ ಇಟ್ಟು, ಲಯ ಅರ್ಧಕ್ಕ ಇಳಿಸಿ ಹಾಡ್ರಿ. ಬರೇ ತಬಲಾದ ಠೇಕಾದ ಮ್ಯಾಲೆ ನಿಂತ ಹಾಡು ಅಲ್ಲೇ ಸಡ್ಲಾಗತೈತಿ. ‘ಧೀರೇ ಧೀರೇ’ ಹಂಗಾಗೂದಿಲ್ಲ. ಮಲಗಿದ ಜೀವಕ್ಕ ಎಚ್ಚರ ಆಗಬಾರ್ದು, ಮೆಲ್ಲಕ ಬಾ ಅಂತ ಮೋಡಕ್ಕ ಹೇಳೂ ಹಾಡು ಅದು. ಲಯ ಇಳಿಸಿದಷ್ಟೂ ಅರ್ಥ ಗಟ್ಟಿ ಆಗತೈತಿ. ಅನಿಲ್ ಬಿಸ್ವಾಸ್ ರಾಗ ಹಾಕಿದ್ದೂ ಹಂಗೇ, ಅಮೀರಬಾಯಿ ಹಾಡಿದ್ದೂ ಹಂಗೇ, ದನಿ ಒಮ್ಮೆನೂ ಒತ್ತಿಲ್ಲ.

ನನ್ನ ಪಟ್ಟ್ಯಾಗ ಎರಡನೇದು ರಾಜ್‌ಕುಮಾರ್ ಅವರ ‘ನಾದಮಯ’, 1992ರ ‘ಜೀವನ ಚೈತ್ರ’ದ್ದು. ರಾಷ್ಟ್ರ ಪ್ರಶಸ್ತಿ ತಂದ ತೋಡಿ ರಾಗದ ಹಾಡು. ವಿದ್ವತ್ತಿನ್ಯಾಗ ಮೊದಲನೇದಕ್ಕಿಂತ ಮ್ಯಾಲೆ, ಖರೆ. ಆದ್ರ ಹಳ್ಳಿ ಭಜನಾ ಮ್ಯಾಳದಾಗ ಅದನ್ನ ಎತ್ತಿಕೊಂಡು ದಡ ಮುಟ್ಟಾವ್ರು ಕಡಿಮಿ. ‘ಧೀರೇ ಧೀರೇ’ನ ತೊಟ್ಲ ಮುಂದ ಕೂತ ಯಾವ ತಾಯಿನೂ ಹಾಡಬಹುದು.